ಉಳಿದ ಎಂಟು ಮರಿಗಳು

"ಹಂದಿ ಹತ್ತು ಮರಿ ಹಾಕುತ್ತದೆ. ಇಲ್ಲಿ ಎರಡೇ ಉಂಟು. ಉಳಿದ ಎಂಟು ಎಲ್ಲಿ, ಲ್ಯಾನ್ಸಿ?"

ಮ್ಯಾನೇಜರ್ ಮೊಯ್ದಿನ್ ಕುಂಞಿ ಬೆಳಗಿನಿಂದ ಕೇಳುತ್ತಿದ್ದುದು ಇದೊಂದೇ. ತೊಂಬತ್ತಾರರ ಚಳಿಗಾಲ. ಗಲ್ಫಿನ ಉಮ್ಮ್ ಸಲಾಲ್‌ನ ಆ ತೋಟದಲ್ಲಿ ಅರ್ಬಾಬ್, ಅಂದರೆ ಧಣಿ, ಶೋಕಿಗೆ ಸಾಕಿದ ಪ್ರಾಣಿಗಳನ್ನೆಲ್ಲ ನೋಡಿಕೊಳ್ಳುವವನು ಲ್ಯಾನ್ಸ್‌ಲಾಟ್. ಬಂಟ್ವಾಳದ ಕ್ರಿಶ್ಚಿಯನ್, ಹಂದಿಮಾಂಸ ಕಾಣದೆ ವರ್ಷಗಳಾಗಿದ್ದವು. ಹಾಗಾಗಿ ಉತ್ತರ ಎಲ್ಲರ ಬಾಯಲ್ಲೂ ತಯಾರಿತ್ತು: ಎಂಟೂ ಅವನ ಹೊಟ್ಟೆಯಲ್ಲಿ.

"ಕ್ರಿಸ್ಮಸ್‌ಗೆ ನಮಗೂ ಒಂದು ತುಂಡು ಇಡು ಮಾರಾಯ," ಎಂದು ಡ್ರೈವರ್ ಚನಿಯ ನಕ್ಕ. ಆ ನಗು ಅರ್ಬಾಬ್‌ನ ಕಿವಿಗೆ ಬಿದ್ದರೆ ಲ್ಯಾನ್ಸ್‌ಲಾಟ್‌ನ ಕೆಲಸ ಹೋದ ಹಾಗೆಯೇ.

"ಇದು ಹಂದಿಯಲ್ಲ, ಪೆಕ್ಕರಿ. ಅಮೆರಿಕದ ಕಡೆಯದು. ಹಾಕುವುದೇ ಎರಡು."

"ಪೆಕ್ಕರಿಯೋ, ನನ್ನನ್ನು ಪೆಕರ ಮಾಡುವುದೋ? ಮೂತಿ ನೋಡು," ಎಂದ ಮ್ಯಾನೇಜರ್.

ಎಷ್ಟನೆಯ ಸಲವೋ, ಲ್ಯಾನ್ಸ್‌ಲಾಟ್ ಮತ್ತೆ ಶುರುಮಾಡಿದ. ಹಂದಿಯ ಕೋರೆ ಹೊರಕ್ಕೆ ಬಾಗುತ್ತದೆ, ಇದರದು ನೇರ ಕೆಳಕ್ಕೆ. ಹಿಂಗಾಲಿಗೆ ಮೂರೇ ಬೆರಳು. ಬಾಲ ಇದ್ದೂ ಇಲ್ಲದ ಹಾಗೆ. ಬೆನ್ನ ಹಿಂಭಾಗದಲ್ಲಿ ಒಂದು ಗ್ರಂಥಿ. ಒಂದಕ್ಕೊಂದು ಮೈ ಉಜ್ಜಿ ಗುಂಪಿಗೆಲ್ಲ ಒಂದೇ ವಾಸನೆ.

"ಆ ವಾಸನೆ ಆಫೀಸಿನವರೆಗೂ ಬರುತ್ತದೆ," ಎಂದ ಮೊಯ್ದಿನ್ ಕುಂಞಿ, ಮೂಗಿಗೆ ಕರ್ಚೀಫ್ ಹಿಡಿದು. "ತಾಯಿ ಬೂದು, ಮರಿ ಕೆಂಪು. ಅದೆಂಥದು?"

"ದೊಡ್ಡದಾಗುತ್ತಾ ಬಣ್ಣ ಬದಲಾಗುತ್ತದೆ."

"ನಿನ್ನ ಹತ್ತಿರ ಎಲ್ಲದಕ್ಕೂ ಉತ್ತರ ಉಂಟು. ಮರಿ ಮಾತ್ರ ಇಲ್ಲ."

ಹೇಳಿ ಹೇಳಿ ಲ್ಯಾನ್ಸ್‌ಲಾಟ್‌ಗೇ ಸಂಶಯ ಹತ್ತಿತು. ತಾನು ನೋಡದಾಗ ತಾಯಿಯೇ ತಿಂದಿರಬಹುದೇ? ಗೂಡಿನ ಹುಲ್ಲನ್ನೆಲ್ಲ ಕೆದಕಿದ. ಏನೂ ಸಿಗಲಿಲ್ಲ. ಕೆದಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆ ವಾರವೇ ಇನ್ನೊಂದು ಹೆಣ್ಣು ಈಯುವುದರಲ್ಲಿತ್ತು. ಮೊಯ್ದಿನ್ ಕುಂಞಿ ಯಾರನ್ನೂ ನಂಬದೆ ತಾನೇ ಗೂಡಿನೆದುರು ಕುರ್ಚಿ ಹಾಕಿ ಕೂತ. ಲ್ಯಾನ್ಸ್‌ಲಾಟ್‌ನನ್ನು ಬೇಲಿಯಾಚೆ ನಿಲ್ಲಿಸಿದ. ಮಧ್ಯಾಹ್ನ ಒಂದು ಮರಿ ಬಂತು. ಸಂಜೆಯವರೆಗೆ ಕಾದರೂ ಇನ್ನೊಂದಿಲ್ಲ. ಅಷ್ಟರಲ್ಲಿ ಮರಿ ಎದ್ದು ತಾಯಿಯ ಹಿಂದೆ ಹೆಜ್ಜೆ ಹಾಕತೊಡಗಿತು.

"ಒಂದೇಯಾ?"

"ಕೆಲವೊಮ್ಮೆ ಒಂದೇ."

"ಒಂಬತ್ತು ಎಲ್ಲಿ ಅಂತ ಅರ್ಬಾಬ್ ನನ್ನನ್ನು ಕೇಳಿದರೆ?"

"ಕಂಡದ್ದು ಹೇಳಿ, ಮೊಯ್ದಿನಾಕ. ನೀವು ತಿಂದಿರಿ ಅಂತ ಯಾರೂ ಹೇಳುವುದಿಲ್ಲ."

ಮೊಯ್ದಿನ್ ಕುಂಞಿ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ಕುರ್ಚಿ ಮಡಚಿ ಧಣಿಯ ಮನೆಯತ್ತ ಹೊರಟ.

"ಯಲ್ಲಾ, ನೀನೂ ಬಾ. ನಾನು ಹೇಳುತ್ತೇನೆ. ನೀನು ಬಾಯಿ ತೆರೆಯಬೇಡ. ನೀನು ಪಾಠ ಶುರು ಮಾಡಿದರೆ ಇಬ್ಬರೂ ಊರಿಗೆ."