ನೀರ ದಾರಿಯ ಉಡಿ

ಕಲ್ಲು ಇನ್ನೂ ಮೆತ್ತಗಿದ್ದ, ನೀರಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಕರಿಮಣ್ಣಿನ ಎರಿ ಸೀಮೆಯ ಹಳ್ಳವೊಂದು ಹೆಣ್ಣುಮಗಳಾಗಿತ್ತಂತೆ. ಅವಳನ್ನು ಮಲಪ್ರಭೆಯ ಮನೆಗೆ ಸೊಸೆಯಾಗಿ ಕೊಟ್ಟರು. ತವರಿನವರು ಉಡಿ ತುಂಬಲು ಹೋದರು, ಆದರೆ ಬಂಡಿ ದಾರಿ ಹಿಡಿದು ಹೋದರು. ನೀರಿನ ದಾರಿಯನ್ನೇ ನೋಡುತ್ತ ಕೂತವಳಿಗೆ ಅವರು ಕಾಣಲೇ ಇಲ್ಲ. ಅಂದಿನಿಂದ ಮಳೆಗಾಲ ಬಂತೆಂದರೆ ಸಿಟ್ಟಿಗೆದ್ದು, ತವರಿನವರನ್ನು ಹುಡುಕುತ್ತ ಹೊಲ ಹೊಲ ನುಗ್ಗುತ್ತಾಳೆ.

ಯರಗುಪ್ಪಿಯ ರೇವವ್ವ ಈ ಕಥೆಯನ್ನು, ತನ್ನನ್ನು ಆಯಿ ಎಂದು ಕರೆಯುವ ಮೊಮ್ಮಗಳು ದಾನೇಶ್ವರಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಕೂಸಾಗಿದ್ದಾಗ ದಾನೇಶ್ವರಿಯನ್ನು ಹಳ್ಳ ಎಳೆದುಕೊಂಡು ಹೋಗಿ, ಜಾಲಿಕಂಟಿಗೆ ಸಿಕ್ಕಿಸಿ ಉಳಿಸಿತ್ತು. ನಿನ್ನ ದಾರಿ ಹಿಡಿದೇ ಬಂದು, ನೀನು ನದಿ ಸೇರುವಲ್ಲಿ ಉಡಿ ತುಂಬುತ್ತೇನೆ ಎಂದು ರೇವವ್ವ ಆವತ್ತೇ ಹಳ್ಳಕ್ಕೆ ಮಾತು ಕೊಟ್ಟಿದ್ದಳು. ದೋಣಿ ಕಾಣದ ಊರು. ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯಿತು. ಈಗ ಆಯಿಯ ಮೊಣಕಾಲು ಹೋಗಿದ್ದವು, ಕಣ್ಣಿಗೆ ಮಂಜು ಕವಿದಿತ್ತು. ಈ ಮಳೆಗಾಲ ತಪ್ಪಿದರೆ ಇನ್ನಿಲ್ಲ. ಅದಕ್ಕೇ ದಾನೇಶ್ವರಿ, ಪಕ್ಕದೂರ ಕೆರೆಯಲ್ಲಿ ಮೀನು ಹಿಡಿಯುವ ಗೌಸಬಿಯನ್ನು ಕಾಡಿ ಬೇಡಿ, ಅವಳ ತಗಡಿನ ದೋಣಿ ಹೊರಡಿಸಿದಳು.

ತಪ್ಪಾದದ್ದು ಹೊರಡುವ ಮೊದಲೇ. ತವರಿನ ಉಡಿ ಬೋಳುದೋಣಿಯಲ್ಲಿ ಹೋಗಬಾರದೆಂದು ದಾನೇಶ್ವರಿಯ ಸೋದರಮಾವ ಶಂಭುಲಿಂಗಪ್ಪ ಹಳೆಯ ಸವಾರಿ ಬಂಡಿಯ ಕಬ್ಬಿಣದ ಕಮಾನು ತಂದು, ದೋಣಿಗೆ ಬೆಸುಗೆ ಹಾಕಿಸಿ, ಮೇಲೆ ಕೌದಿ ಹೊದಿಸಿದ. ಬಂಡಿ ಕಂಡ ಮನೆತನ, ನೀರು ಕಂಡದ್ದಲ್ಲ. ಸೇತುವೆಯ ಮೇಲೆ ಹಾದವರೇ ಎಲ್ಲ. ಅದರ ಕೆಳಗೆ ಹಾಯಬೇಕಾದೀತೆಂದು ಯಾರಿಗೂ ಹೊಳೆಯಲಿಲ್ಲ.

ಆಯಿ, ದಾನೇಶ್ವರಿ, ಗೌಸಬಿ ಮೂವರೂ ಹೊರಟರು. ಮೊದಮೊದಲು ಹಬ್ಬವೇ. ದಂಡೆಯ ಊರೂರಲ್ಲಿ ಹೆಂಗಸರು ಇಳಿದು ಬಂದು ಉಡಿಗೆ ಒಂದೊಂದು ಹಿಡಿ ಅಕ್ಕಿ ಹಾಕಿದರು, ರೊಟ್ಟಿ ಝುಣಕ ಕೊಟ್ಟರು. ಯಮನೂರಿನಲ್ಲಿ ಗೌಸಬಿ ದರ್ಗಾಕ್ಕೆ ಹೋಗಿ ಸಕ್ಕರೆಗೆ ದುವಾ ಓದಿಸಿಕೊಂಡು ಬಂದಳು. ಆಯಿ ಅದನ್ನೂ ಉಡಿಗೆ ಸೇರಿಸಿದಳು. ಉಡಿ ಮಾತ್ರ ನೀರು ಬಿಟ್ಟು ನೆಲ ಹತ್ತಬಾರದು, ಅಷ್ಟೇ ಅವಳ ಕಟ್ಟಳೆ.

ಮರುದಿನ ಕಮಾನು ಒಂದು ಕುಳ್ಳ ಸೇತುವೆಯನ್ನು ಕರಕರ ತಿಕ್ಕಿಕೊಂಡೇ ದಾಟಿತು. ಮುಂದಿನದನ್ನು ಮುಟ್ಟುವಷ್ಟರಲ್ಲಿ, ಮೇಲೆಲ್ಲೋ ಸುರಿದ ಮಳೆಯ ನೀರು ಬಂತು. ಕಮಾನು ಸೇತುವೆಗೆ ಬಡಿದು ನಿಂತಿತು. ಹಿಂದಕ್ಕೆ ಹೋದರೆ ಅಲ್ಲೂ ಅದೇ. ಹಿಂದೆ ಮುಂದೆ ಸೇತುವೆ, ಎಡಕ್ಕೆ ಬಲಕ್ಕೆ ಕರಿಮಣ್ಣಿನ ಗೋಡೆ. ದಾನೇಶ್ವರಿ ದಂಡೆಗೆ ಕಾಲಿಟ್ಟರೆ ಹಸಿ ಎರಿ ಮೊಣಕಾಲ ತನಕ ನುಂಗಿತು. ಮತ್ತೆ ಮುಂದಿನ ಸೇತುವೆಯ ಬಾಯಿಗೇ ಬಂದು, ದೋಣಿಯನ್ನು ಜಾಲಿಗಿಡಕ್ಕೆ ಕಟ್ಟಿ, ಮೂವರೂ ಕೌದಿಯ ಕೆಳಗೆ ಬೇಯುತ್ತ ಕೂತರು. ನೀರು ಏರುತ್ತಲೇ ಇತ್ತು.

ಸೇತುವೆಯ ಮೇಲೆ ಮಂದಿ ಕೂಡಿದರು. "ಬಂಡಿ ನೀರಿಗಿಳಿಸೀರಿ, ಎತ್ತು ಎಲ್ಲಿ ಬಿಟ್ರಿ ಬೇ ಆಯಿ?" ಎಂದನೊಬ್ಬ.

"ಎತ್ತು ಮ್ಯಾಲೆ ನಿಂತು ಮಾತಾಡಾಕತ್ತೈತಿ ನೋಡು," ಎಂದಳು ಆಯಿ.

ನಕ್ಕವರೇ ಉಪಾಯವನ್ನೂ ಹೇಳಿದರು. ದೋಣಿಗೆ ಹಗ್ಗ ಹಾಕಿ, ಟ್ರ್ಯಾಕ್ಟರಿನಿಂದ ಜಗ್ಗಿ ಆಚೆ ಇಳಿಸಬಹುದು. ಆಯಿ ಒಪ್ಪಲಿಲ್ಲ, ನೆಲ ಹತ್ತಿದರೆ ಮತ್ತೆ ಬಂಡಿ ದಾರಿಯೇ ಆಯಿತು. ಕಮಾನು ಕೊಯ್ಯುವ ಯಂತ್ರ ಪೇಟೆಯಿಂದ ಬರಬೇಕಿತ್ತು, ಅಷ್ಟು ಹೊತ್ತು ನೀರು ಕಾಯುವಂತಿರಲಿಲ್ಲ.

ದಾನೇಶ್ವರಿ ಕೌದಿ ಸರಿಸಿ ಏರುವ ನೀರು ನೋಡಿದಳು. "ಆಯಿ, ಇಲ್ಲೇ ಬಿಡೂಣು ಉಡಿ. ಇದೂ ಅಕೀ ನೀರ ಅಲ್ಲೇನು?"

"ತವರಿಂದ ಹೊಂಟವರು ನಡುದಾರ್ಯಾಗ ಉಡಿ ಚೆಲ್ಲತಾರೇನ? ನಿನಗ ಬ್ಯಾಸರಾಗಿದ್ರ ಹಗ್ಗ ಹಿಡಕೊಂಡು ಮ್ಯಾಲೆ ಹೋಗು. ನಾ ಕುಂತೇನಿ."

ದಾನೇಶ್ವರಿ ಹೋಗಲೆಂದೇ ಎದ್ದಳು. ಇಳಿಬಿಟ್ಟ ಹಗ್ಗಕ್ಕೆ ಜೋತುಬಿದ್ದು ಕಾಲೆತ್ತಿದಳೋ ಇಲ್ಲವೋ, ಹಗುರಾದ ದೋಣಿ ಮೇಲೆದ್ದು ಕಮಾನು ಸೇತುವೆಗೆ ಠಣ್ಣೆಂದು ಬಡಿಯಿತು. ಬೆದರಿ ಕಾಲಿಟ್ಟಳು, ದೋಣಿ ಕುಸಿಯಿತು, ಸದ್ದು ನಿಂತಿತು. ಮತ್ತೆ ಕಾಲೆತ್ತಿದಳು, ಮತ್ತೆ ಇಟ್ಟಳು. ಆಮೇಲೆ ಹಗ್ಗ ಬಿಟ್ಟೇಬಿಟ್ಟಳು.

"ಗೌಸಬಿ ಅಕ್ಕಾ, ದೋಣಿ ಮುಳಗಸೂಣು," ಎಂದಳು. "ತುಸು."

ಗೌಸಬಿ ಅವಳ ಮುಖ ನೋಡಿದಳು, ಕಮಾನು ನೋಡಿದಳು, ಸೆರಗು ಸಿಗಿಸಿದಳು. ಇಬ್ಬರೂ ದಂಡೆಯ ಎರಿ ಮಣ್ಣನ್ನು ಬಾಚಿ ಬಾಚಿ ದೋಣಿಗೆ ತುಂಬಿದರು. ಮೇಲಿನವರು ಬುಟ್ಟಿ ಇಳಿಬಿಟ್ಟರು. ಆಯಿಯ ಮೊಣಕಾಲು ಮಣ್ಣಲ್ಲಿ ಹುದುಗಿದವು; ಅವಳು ಉಡಿಯನ್ನು ಎದೆಗೇರಿಸಿಕೊಂಡಳು. ದೋಣಿಯ ಅಂಚು ಮುಳುಗಲು ಎರಡು ಬೆರಳು ಉಳಿದಾಗ ಗೌಸಬಿ ಸಾಕೆಂದು ಹಗ್ಗ ಬಿಚ್ಚಿದಳು, ಮೂವರೂ ಅಂಗಾತ ಮಲಗಿದರು.

ಕತ್ತಲು. ತಲೆಯ ಮೇಲೆ ಸಿಮೆಂಟು, ಬೆನ್ನ ಕೆಳಗೆ ತಣ್ಣನೆ ಮಣ್ಣು, ಅಂಚು ದಾಟಿ ಒಳಕ್ಕೆ ಜಿನುಗುವ ನೀರು. ನಡುವೆ ಕಮಾನು ಸಿಕ್ಕಿಕೊಂಡಿತು. ದಾನೇಶ್ವರಿ ಮಲಗಿದ ಕಡೆಯಿಂದಲೇ ಎರಡೂ ಅಂಗೈ ಕೌದಿಯ ಒಳಗಿಂದಲೇ ಸೇತುವೆಗೆ ಆನಿಸಿ ನೂಕಿದಳು. ಕಬ್ಬಿಣ ಕಿರುಗುಟ್ಟಿತು. ಕೌದಿ ಹರಿಯಿತು. ಆಮೇಲೆ ಬೆಳಕು.

ಆಚೆ ಹೋಗಿ ಅವರು ಮಣ್ಣೆಲ್ಲ ತೋಡಿ ಚೆಲ್ಲಿದರು. ಮುಂದೆಲ್ಲೂ ಸೇತುವೆ ಅಡ್ಡ ಬರಲಿಲ್ಲ. ಮರುದಿನ ಹೊತ್ತಿಳಿಯುವಾಗ ಹಳ್ಳದ ಕರಿನೀರು ಮಲಪ್ರಭೆಯೊಳಗೆ ಕಲೆಯುವಲ್ಲಿ ಗೌಸಬಿ ಹುಟ್ಟು ನಿಲ್ಲಿಸಿದಳು. ಆಯಿಗೆ ಕಾಣಲಿಲ್ಲ, ದಾನೇಶ್ವರಿ ಅವಳ ಕೈಯನ್ನು ನೀರಿಗೆ ಮುಟ್ಟಿಸಿದಳು.

"ತವರಿಂದ ಬಂದೇವಿ ನೋಡವಾ," ಎಂದಳು ಆಯಿ, ಮತ್ತು ಕುಪ್ಪಸದ ಖಣದಲ್ಲಿ ಕಟ್ಟಿದ ಅಕ್ಕಿ, ಉತ್ತತ್ತಿ, ಅರಿಷಿಣ, ಸಕ್ಕರೆ ಎಲ್ಲವನ್ನೂ ಮೆಲ್ಲಗೆ ನೀರಿನ ಮಡಿಲಿಗೆ ಇಳಿಸಿದಳು.