ಮಿಸ್ ಹೇಳಿದಂತೆ

ಮಾನಸಿ ವಿಯೆಟ್ನಾಮಿನ ಒಂದು ಶಿಶುವಿಹಾರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಹೆತ್ತವರು ಮನೆಯಲ್ಲೇ ಕೂತು ನೋಡಲೆಂದು ಅಲ್ಲಿ ತರಗತಿಗೆ ಕ್ಯಾಮೆರಾ ಇಟ್ಟಿದ್ದರು. ಅದರ ಲಿಂಕನ್ನು ಅವಳು ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದ ಅಮ್ಮ ಜಯಲತಾಳಿಗೂ ಪ್ರೀತಿಯಿಂದ ಕಳಿಸಿದ್ದಳು. ಅಂದಿನಿಂದ, ಗಂಡಸರೆಲ್ಲ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದ ಮೇಲೆ, ಬಿಲ್ಡಿಂಗಿನ ಹೆಂಗಸರು ಜಯಲತಾಳ ಟಿವಿಯ ಮುಂದೆ ಸೇರತೊಡಗಿದರು.

"ಸಾಕಾಯ್ತಮ್ಮ, ಬಂದುಬಿಡ್ತೇನೆ" ಎಂದು ಮಗಳು ಫೋನಿನಲ್ಲಿ ಹೇಳಿದಾಗಲೆಲ್ಲ ಜಯಲತಾ, "ಸುಮ್ನಿರು ಮಾರಾಯ್ತಿ. ಇಲ್ಲಿ ಎಲ್ಲರೂ ನಿನ್ನನ್ನು ಹೊಗಳ್ತಾರೆ. ನಾನು ಯಾವ ಮುಖ ತೋರಿಸ್ಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ದಿನ ಮಾನಸಿ ಸೇಬಿನ ಚಿತ್ರ ಹಿಡಿದು ಹೇಳಿಕೊಡುತ್ತಿದ್ದಳು, ಮಕ್ಕಳು ಒಟ್ಟಾಗಿ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅವಳು ಚಿತ್ರ ಕೆಳಗಿಟ್ಟು ಕ್ಯಾಮೆರಾದತ್ತ ತಿರುಗಿದಳು.

"ಅಮ್ಮಾ, ನನಗಿಲ್ಲಿ ಇರ್ಲಿಕ್ಕೆ ಆಗುವುದಿಲ್ಲ" ಎಂದಳು, ಕನ್ನಡದಲ್ಲಿ.

ಮಿಸ್ ಹೇಳಿದ್ದನ್ನೆಲ್ಲ ಹೇಳುವುದು ರೂಢಿಯಾಗಿದ್ದ ಮಕ್ಕಳು ಚಪ್ಪಾಳೆ ತಟ್ಟುತ್ತ ಅದನ್ನೂ ಹೇಳಿದರು: "ಅಮ್ಮಾ, ನನಗಿಲ್ಲಿ ಇರ್ಲಿಕ್ಕೆ ಆಗುವುದಿಲ್ಲ!"

ಕನ್ನಡ ಬಾರದ ಹೆಂಗಸರು ಬಿದ್ದುಬಿದ್ದು ನಕ್ಕರು. "ಅಗಬಾಯಿ, ಕಿತಿ ಗೋಡ್!" ಎಂದು ಮರಾಠಿಯಲ್ಲಿ ಮುದ್ದುಗರೆದ ಪಕ್ಕದ ಮನೆಯ ಹಿರಿಯಾಕೆ ಪ್ರಧಾನ್ ಕಾಕು, ಅದೇನೆಂದು ಕೇಳಿದರು.

ಜಯಲತಾ, "ನಮ್ಮ ಊರಿನ ಮಕ್ಕಳ ಹಾಡು" ಎಂದಳು.

"ಹಾಗಾದರೆ ನನ್ನ ಮೊಮ್ಮಗಳಿಗೂ ಬೇಕು" ಎನ್ನುತ್ತ ಕಾಕು ಆಗಲೇ ತಾಳ ಹಾಕತೊಡಗಿದ್ದರು. "ಅಮ್ಮಾ, ನನಗಿಲ್ಲಿ... ಮುಂದೆ? ಸಾಂಗಾ ನಾ, ಹೇಳಿಕೊಡಿ!"

ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಟಿವಿಯೊಳಗಿಂದ ಮಗಳೂ ನೋಡುತ್ತಿದ್ದಳು.

"ಇರ್ಲಿಕ್ಕೆ ಆಗುವುದಿಲ್ಲ" ಎಂದು ಜಯಲತಾ ಹೇಳಿಕೊಟ್ಟಳು.