ಬಲಕ್ಕೆ ವಾಲಿದ ಮೊಳೆ

ನೀರಿನೊಳಗೆ ಬಿಸಿಲು ಹಸಿರಾಗಿ ಕಾಣುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಎದೆಗವಚಿಕೊಂಡ ಕಲ್ಲು ನನ್ನನ್ನು ಕೆಳಗೆ ಎಳೆಯುತ್ತಿದೆ — ಕಲ್ಲ ಹಿಡದ ಇಳೀಬೇಕು, ಬಿಟ್ಟ ಏರಬೇಕು ಬೋರವ್ವಾ, ಅಂತ ಅಪ್ಪ ಕಲಿಸಿದ್ದು ಹೊಳೆಗೆ ಬಿದ್ದ ಕೊಡ ತೆಗೆಯಲಿಕ್ಕೆ, ಈಗ ಅವನು ನಡೆಸುತ್ತಿದ್ದ ದೋಣಿಗೇ ಇಳಿದಿದ್ದೇನೆ, ಸೀರೆಗೆ ಕಚ್ಚೆ ಹಾಕಿ, ನಡುವಿಗೆ ಹಗ್ಗ ಕಟ್ಟಿ, ಆಡಿಕೊಳ್ಳುವವರು ಆಡಿಕೊಳ್ಳಲಿ, ನನಗೇನು. ಶ್ರಾವಣದಲ್ಲಿ ಸಂಗಮದ ಈ ನಡುಗಡ್ಡೆಯ ಹತ್ತಿರ ದೋಣಿ ಮುಳುಗಿತು, ಬಳೆ ಮಾರುವ ಹಜರತಬಿ ಅದರೊಂದಿಗೇ ಹೋದಳು, ಹುಲ್ಲಪ್ಪ ಕುಡದಿದ್ದ, ಬಂಡೆಗಲ್ಲಿಗೆ ಬಡಿಸಿದ, ಅಂತ ಅಪ್ಪನ ಮೇಲೆ ಹಾಕಿದ ದೋಣಿಯ ಮಾಲಕ ಗುರಲಿಂಗಪ್ಪ, ಊರು ನಂಬಿತು, ಅಪ್ಪ ಒಂದೇ ಮಾತು, ನಾ ಕುಡದಿಲ್ಲ, ಆಮೇಲೆ ಬಾಯಿ ಬಿಡಲಿಲ್ಲ. ಕುಡಿದಿದ್ದರೆ ನನಗೆ ವಾಸನೆ ಬರುತ್ತಿರಲಿಲ್ಲವೇ, ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟವಳು ನಾನು. ನಾಳೆ ಹಿರಿಯರು ನ್ಯಾಯಕ್ಕೆ ಕೂಡುತ್ತಾರೆ, ಬರುವ ವರ್ಷ ಡ್ಯಾಮಿನ ನೀರು ಏರಿದರೆ ಈ ದೋಣಿ ಯಾರ ಕೈಗೂ ಸಿಗುವುದಿಲ್ಲ. ಹಗ್ಗದ ಆ ತುದಿ ಹಿಡಿದು ಮೇಲೆ ಕೂತವನು ಹಜರತಬಿಯ ಗಂಡ ಅಬ್ದುಲಸಾಬ, ಬರ್ರಿ ಕಾಕಾ, ದೋಣಿ ಯಾಕ ಮುಳುಗಿತು ಅನ್ನೂದರ ಸಾಕ್ಷಿ ನಿಮ್ಮ ಕಣ್ಣಮುಂದನ ತೆಗೀತೇನಿ, ಅಂತ ನಾನೇ ಕರೆದದ್ದು.

ಎರಡು ಸಲ ಬರಿಗೈಲಿ ಎದ್ದೆ, ಇದು ಮೂರನೆಯದು, ಸಾಕವ್ವಾ ತಂಗಿ ಅಂದ, ಸಾಕಿಲ್ಲ ಅಂದೆ. ಕೆಸರು, ಹಲಗೆ, ಹಲಗೆ, ಡಾಂಬರಿನ ಕೆಳಗೆ ಬೆರಳಿಗೆ ತಣ್ಣಗಿನ ಅಂಚು — ತಗಡು! ಎಣ್ಣೆಡಬ್ಬಿಯ ತಗಡು, ಒಡೆದ ಹಲಗೆಯ ಮೇಲೆ ಬಡಿದದ್ದು, ಅರ್ಧ ಕಿತ್ತುಹೋಗಿದೆ. ಸೊಂಟಕ್ಕೆ ಸಿಕ್ಕಿಸಿದ ಉಳಿ ಹಾಕಿ ಎಬ್ಬಿಸುತ್ತೇನೆ, ಎದೆ ಉರಿಯುತ್ತದೆ, ಉರಿಯಲಿ, ಬಾ ಅಂದರೆ ಬಾ, ಬಂತು, ಮೊಳೆ ಸಮೇತ ಬಂತು, ಮೊಳೆಯ ಮೇಲೆ ಬೆರಳಾಡಿತು, ತಲೆಗಳೆಲ್ಲ ಬಲಕ್ಕೆ ವಾಲಿವೆ, ನಮ್ಮ ಮನೆಯ ಬಾಗಿಲಿಗೂ ಹೀಗೇ, ದನ ಮೇಯುವ ಗ್ವಾದಲಿಗೂ ಹೀಗೇ, ಎಡಗೈಯಲ್ಲಿ ಸುತ್ತಿಗೆ ಹಿಡಿಯುವವನು ಈ ಊರಿನಲ್ಲಿ ಒಬ್ಬನೇ. ಹಲಗಿ ಕೇಳಿದರ ಮಾಲಕ ತಗಡ ಕೊಟ್ಟಾನ, ಅಂತ ಅವ್ವನ ಮುಂದೆ ಗೊಣಗಿದ್ದನಲ್ಲ, ಈಗ ನೆನಪಾಗುತ್ತದೆ, ಗೊಣಗಿ, ಬಡಿದು, ಡಾಂಬರು ಬಳಿದು, ಹಜರತಬಿಯನ್ನು ಹತ್ತಿಸಿಕೊಂಡನೇ ಅಪ್ಪ.

ಉಸಿರು. ಬಿಸಿಲು. ಏನ ಸಿಕ್ತವ್ವಾ, ಅನ್ನುತ್ತಾನೆ ಅಬ್ದುಲಸಾಬ. ಕೈ ಬಿಟ್ಟರೆ ಆಯಿತು, ಕೃಷ್ಣೆ ನುಂಗುತ್ತಾಳೆ, ಏನೂ ಇಲ್ಲರಿ ಕಾಕಾ ಅಂದರೆ ಮುಗಿಯಿತು — ಬಿಡುವುದಿಲ್ಲ. ಕೊಟ್ಟವನೂ ನಾಳೆ ನಿಲ್ಲಲಿ, ಬಡಿದವನೂ ನಿಲ್ಲಲಿ, ಅಪ್ಪ ಕುಡಿದಿರಲಿಲ್ಲ ಅಂತ ನಾನೇ ಹೇಳುತ್ತೇನೆ, ಇದನ್ನೂ ನಾನೇ ಹೇಳುತ್ತೇನೆ. ಹಿಡೀರಿ ಕಾಕಾ. ಅವನು ಎರಡೂ ಕೈಯಲ್ಲಿ ತಗಡು ಹಿಡಿದ, ಹೆಬ್ಬೆರಳಿನಿಂದ ಕೆಸರು ಒರೆಸಿದ, ಒಂದು ಮೊಳೆ, ಬಲಕ್ಕೆ ವಾಲಿದ್ದು, ಇನ್ನೊಂದು, ಬಲಕ್ಕೆ, ಇನ್ನೊಂದು —